ಉಪಕಾರ ನೆನೆಯುವುದಕ್ಕೂ ಹತ್ತು ಜನ ಬೇಕು

ಮುಂಬಯಿಯ ಮಸ್ಜಿದ್ ಬಂದರ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಸ್ಯಾಮ್ಯುಯೆಲ್ ಸ್ಟ್ರೀಟ್ ಅಂತ ಒಂದು ಇಕ್ಕಟ್ಟಾದ ಬೀದಿಯಿದೆ. ಅಲ್ಲಿರುವ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಹೆಸರು ಶಾರ್ ಹರಹಮೀಮ್, ಅಂದರೆ 'ಕರುಣೆಯ ಬಾಗಿಲು'. ಮೊದಲು ಕಟ್ಟಿದ್ದು 1796ರಲ್ಲಿ. ಕಟ್ಟಿಸಿದವನು ಸ್ಯಾಮ್ಯುಯೆಲ್ ಎಝೆಕಿಯಲ್ ದಿವೇಕರ್, ಕೊಂಕಣದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದವನು, ಈಸ್ಟ್ ಇಂಡಿಯಾ ಕಂಪನಿಯ ದಂಡಿನಲ್ಲಿ ಅಧಿಕಾರಿ. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆ ಸಿಕ್ಕಿದ್ದ. ಸಮುದಾಯದಲ್ಲಿ ಇವತ್ತಿಗೂ ಹೇಳುವ ಮಾತೇನೆಂದರೆ, ಸೆರೆಯಾಳುಗಳನ್ನು ವಿಚಾರಿಸುವಾಗ 'ಬೆನೆ ಇಸ್ರೇಲ್' ಎಂಬ ಹೆಸರು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು, ಕುರ್‌ಆನಿನಲ್ಲಿ ಬರುವ ಜನ ಇವರು ಎಂದು ಆಕೆ ಮಗನಿಗೆ ಹೇಳಿ ಜೀವ ಉಳಿಸಿದಳು. ಬದುಕಿ ಬಂದರೆ ದೇವರಿಗೊಂದು ಮನೆ ಕಟ್ಟುತ್ತೇನೆಂದು ಹರಕೆ ಹೊತ್ತಿದ್ದನಂತೆ. ಬಂದ, ಕಟ್ಟಿದ.

ನಮ್ಮ ಕಡೆಯ ಓದುಗರಿಗೆ ಹರಕೆಯ ಭಾಗ ಹೊಸದಲ್ಲ. ಯೋಚಿಸಬೇಕಾದ್ದು ಬೇರೆ ಇದೆ. ಜೈಲಿನಿಂದ ಬಿಡುಗಡೆಯಾದ ಯಹೂದಿ ಕೃತಜ್ಞತೆ ಹೇಳಬೇಕಾದ ಕ್ರಮ ಅಂತ ಒಂದಿದೆ. ಅದನ್ನು ಒಬ್ಬನೇ ಮನೆಯ ಮೂಲೆಯಲ್ಲಿ ಕೂತು ಹೇಳುವಂತಿಲ್ಲ. ಹತ್ತು ಜನ ಎದುರಿಗಿರಬೇಕು, ಟೋರಾ (ಯಹೂದಿ ಧರ್ಮಗ್ರಂಥ) ಸುರುಳಿ ಇದ್ದರೆ ಇನ್ನೂ ಸರಿ. ಅಂದರೆ ಥ್ಯಾಂಕ್ಸ್ ಹೇಳಲು ಅವನಿಗೆ ಮೊದಲು ಒಂದು ಜಾಗ ಬೇಕಿತ್ತು.

ಯಹೂದಿ ಸಂಪ್ರದಾಯದಲ್ಲಿ ಕೃತಜ್ಞತೆ, ಕಷ್ಟಕಾಲದ ಒತ್ತಾಸೆ ಎರಡೂ ಒಂದೇ ಯಂತ್ರದ ಎರಡು ಗಾಲಿಗಳು. ಎರಡನ್ನೂ ಮನಸ್ಸು ಬಂದಾಗ ಮಾಡೋಣ ಅಂತ ಬಿಟ್ಟಿಲ್ಲ. ಎಷ್ಟು ಜನ, ಎಷ್ಟು ದಿನದೊಳಗೆ, ಯಾರು ಮೊದಲು ಮಾತಾಡಬೇಕು, ಊಟ ಯಾರ ಮನೆಯಿಂದ ಬರಬೇಕು, ಎಲ್ಲಕ್ಕೂ ಲೆಕ್ಕವಿದೆ. ಈ ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದೇ ಈ ಬರಹ.

'ಯಹೂದಿ' ಎಂಬ ಹೆಸರಿನ ಬೇರಿನಲ್ಲೇ ಕೃತಜ್ಞತೆಯಿದೆ. ಬೈಬಲ್‌ನ ಆದಿಕಾಂಡದಲ್ಲಿ ಲೇಯಾ ನಾಲ್ಕನೇ ಮಗನನ್ನು ಹೆತ್ತಾಗ 'ಈ ಸಲ ದೇವರಿಗೆ ವಂದನೆ ಹೇಳುತ್ತೇನೆ' ಎಂದು ಅವನಿಗೆ ಯೆಹುದಾ ಎಂದು ಹೆಸರಿಡುತ್ತಾಳೆ. ಕೃತಜ್ಞತೆಗೆ ಹೀಬ್ರೂನಲ್ಲಿ ಬಳಸುವ ಮಾತು 'ಹಕಾರತ್ ಹತೋವ್', ಅಕ್ಷರಶಃ ಒಳ್ಳೆಯದನ್ನು ಗುರುತಿಸುವುದು. ಮನಸ್ಸಿನಲ್ಲಿ ಏನನ್ನಿಸಿತು ಅನ್ನುವುದು ಆಮೇಲಿನ ಮಾತು, ಮೊದಲು ಕಣ್ಣಿಗೆ ಬೀಳಬೇಕು. ಯಹೂದಿ ಕಟ್ಟಳೆ, ಚರ್ಚೆಗಳ ಹಳೆಯ ಗ್ರಂಥ ತಾಲ್ಮುಡ್‌ನ ಒಂದು ಗಾದೆ 'ನೀರು ಕುಡಿದ ಬಾವಿಗೆ ಮಣ್ಣು ಹೆಂಟೆ ಎಸೆಯಬೇಡ' ಅನ್ನುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವ ನಮ್ಮ ಮಾತಿಗೆ ಇದು ಹತ್ತಿರದ ನೆಂಟ.

ಈಗ ಜೈಲಿನಿಂದ ಬಂದವನ ವಿಷಯ. ಬೈಬಲ್‌ನ 107ನೇ ಕೀರ್ತನೆಯಲ್ಲಿ ನಾಲ್ಕು ಥರದ ಜನ ಬರುತ್ತಾರೆ: ಮರುಭೂಮಿಯಲ್ಲಿ ದಾರಿ ತಪ್ಪಿದವರು, ಸೆರೆಯಲ್ಲಿದ್ದವರು, ಕಾಯಿಲೆ ಬಿದ್ದವರು, ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕವರು. ಈ ನಾಲ್ವರೂ ಬದುಕಿ ಬಂದರೆ ವಂದನೆ ಹೇಳಲೇಬೇಕು ಎಂದು ತಾಲ್ಮುಡ್ ಕಟ್ಟಳೆ ಮಾಡಿತು. ಆ ವಂದನೆಯ ಹೆಸರು ಬಿರ್ಕತ್ ಹಗೋಮೆಲ್. ಹೆರಿಗೆಯಾದವರೂ ಹೇಳುತ್ತಾರೆ, ದೊಡ್ಡ ಆಪರೇಷನ್ ಆಗಿ ಎದ್ದವರೂ ಹೇಳುತ್ತಾರೆ. ಸಾಗರ ದಾಟುವ ವಿಮಾನ ಪ್ರಯಾಣ ಮುಗಿಸಿದವರು ಹೇಳುವುದೂ ರೂಢಿ. ಕಾಯಿಲೆ ಎಷ್ಟು ಜೋರಾಗಿರಬೇಕು ಅನ್ನುವುದರಲ್ಲಿ ಭೇದವಿದೆ. ಯುರೋಪಿನ ಅಶ್ಕೆನಾಝಿ ಪದ್ಧತಿಯಲ್ಲಿ ಜೀವಕ್ಕೆ ಅಪಾಯವಿದ್ದ ಕಾಯಿಲೆಗೆ ಮಾತ್ರ. ಸ್ಪೇನ್ ಮೂಲದ ಸೆಫಾರ್ದಿ ಪದ್ಧತಿಯಲ್ಲಿ ಹಾಸಿಗೆ ಹಿಡಿದು ಎದ್ದರೂ ಸಾಕು. ನೆಗಡಿ, ತಲೆನೋವಿಗೆ ಯಾರೂ ಹೇಳುವುದಿಲ್ಲ.

ಸಮಯ: ಸಾಧ್ಯವಾದರೆ ಮೂರು ದಿನದೊಳಗೆ. ಈ ಮೂರರ ಹಿಂದೆ ಒಂದು ಅನುಕೂಲವಿದೆ. ಸಿನಗಾಗ್‌ನಲ್ಲಿ ಟೋರಾ ಸುರುಳಿ ಬಿಚ್ಚಿ ಓದುವುದು ಸೋಮವಾರ, ಗುರುವಾರ, ಶನಿವಾರ. ಯಾವತ್ತು ಆಸ್ಪತ್ರೆಯಿಂದ ಬಿಟ್ಟರೂ ಮೂರು ದಿನದಲ್ಲಿ ಒಂದು ಓದು ಸಿಕ್ಕೇ ಸಿಗುತ್ತದೆ. ತಪ್ಪಿದರೆ ಮೂವತ್ತು ದಿನದವರೆಗೆ ಹೇಳಬಹುದು, ಅದೂ ದಾಟಿದರೆ ಆಮೇಲಾದರೂ ಹೇಳಬೇಕು. ಸುರುಳಿಯ ಹತ್ತಿರಕ್ಕೆ ಕರೆದಾಗ ಓದು ಮುಗಿದ ಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಬೇಕು. ಮಾತು ಒಂದೇ ಸಾಲು: 'ಋಣಿಗಳಾದವರಿಗೂ ಒಳ್ಳೆಯದನ್ನು ಮಾಡುವ, ನನಗೆ ಎಲ್ಲ ಒಳ್ಳೆಯದನ್ನೂ ಮಾಡಿದ ದೇವರೇ, ನಿನಗೆ ಸ್ತುತಿ.' ಹೀಬ್ರೂನ 'ಹಯಾವೀಮ್' ಎಂಬ ಪದಕ್ಕೆ ಸಾಲ ಇರುವವರು, ತಪ್ಪು ಮಾಡಿದವರು ಎಂಬ ಅರ್ಥವಿದೆ. ನಾನು ಒಳ್ಳೆಯವನು, ಅದಕ್ಕೇ ಉಳಿದೆ ಎಂದು ಹೇಳಿಕೊಳ್ಳಲು ಈ ಸಾಲಿನಲ್ಲಿ ಜಾಗವೇ ಇಲ್ಲ. ಪಕ್ಕದ ಹಾಸಿಗೆಯವನು ಉಳಿಯದೇ ಹೋಗಿರಬಹುದಲ್ಲ.

ಸೇರಿದವರು ಉತ್ತರ ಕೊಡಬೇಕು: 'ನಿನಗೆ ಒಳ್ಳೆಯದನ್ನು ಮಾಡಿದವನು ಮುಂದೆಯೂ ಎಲ್ಲ ಒಳ್ಳೆಯದನ್ನು ಮಾಡಲಿ.' ಈ ಉತ್ತರ ಬರದಿದ್ದರೆ ಮಾತು ಅರ್ಧಕ್ಕೇ ನಿಂತ ಹಾಗೆ. ಸಿನಗಾಗ್‌ಗೆ ಅಪರೂಪಕ್ಕೆ ಬರುವವರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ವಂದನೆ ಹೇಳುವವನ ಸಾಲು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಉತ್ತರದ ಸಾಲು ಯಾರಿಗೂ ಗೊತ್ತಿರುವುದಿಲ್ಲ, ಒಂದು ಮುಜುಗರದ ಮೌನ ಬೀಳುತ್ತದೆ. ಹಾಗಾಗಿ ಎರಡು ಸಾಲನ್ನೂ ಒಂದು ಕಾರ್ಡಿನಲ್ಲಿ ಬರೆದು ವೇದಿಕೆಯ ಮೇಲೆ ಇಟ್ಟಿರುವ ಸಿನಗಾಗ್‌ಗಳುಂಟು.

ದಿನದ ಪ್ರಾರ್ಥನೆಯಲ್ಲೂ ಇಂಥದೊಂದು ಸೂಕ್ಷ್ಮವಿದೆ. 'ಅಮಿದಾ' ಎಂಬ ಮುಖ್ಯ ಪ್ರಾರ್ಥನೆಯನ್ನು ಎಲ್ಲರೂ ಮೆಲ್ಲಗೆ ಹೇಳಿಕೊಂಡ ಮೇಲೆ ಮುಂದಾಳು ಜೋರಾಗಿ ಮತ್ತೊಮ್ಮೆ ಹೇಳುತ್ತಾನೆ, ಉಳಿದವರು 'ಆಮೆನ್' ಅನ್ನುತ್ತಾರೆ. ಬೇಡಿಕೆಗಳನ್ನೆಲ್ಲ ಅವನೇ ಎಲ್ಲರ ಪರವಾಗಿ ಸಲ್ಲಿಸಬಹುದು. 'ಮೊದೀಮ್', ಅಂದರೆ 'ವಂದಿಸುತ್ತೇವೆ' ಎಂಬ ಭಾಗ ಬಂದಾಗ ಮಾತ್ರ ಪ್ರತಿಯೊಬ್ಬರೂ ಬಾಗಿ ತಮ್ಮದೇ ಒಂದು ಸಾಲನ್ನು ಹೇಳುತ್ತಾರೆ. 14ನೇ ಶತಮಾನದ ಸ್ಪೇನಿನ ವ್ಯಾಖ್ಯಾನಕಾರ ಅಬುದರ್ಹಾಮ್ ಕಾರಣ ಕೊಟ್ಟಿದ್ದಾನೆ: ಬೇಡುವುದನ್ನು ವಕೀಲನಿಗೆ ಒಪ್ಪಿಸಬಹುದು, ವಂದನೆಯನ್ನು ಒಪ್ಪಿಸಲು ಬರುವುದಿಲ್ಲ.

ಹತ್ತು ಎಂಬ ಸಂಖ್ಯೆಯ ಕಡೆ ಬರೋಣ. ಹತ್ತು ಜನರ ಕೂಟಕ್ಕೆ 'ಮಿನ್ಯಾನ್' ಎಂದು ಹೆಸರು. ನಮ್ಮ ಹಳ್ಳಿಗಳ 'ಹತ್ತೂ ಸಮಸ್ತರು' ಎಂಬ ಮಾತು ಕೇಳಿದವರಿಗೆ ಇದರ ರುಚಿ ಹತ್ತುತ್ತದೆ. ಬೈಬಲ್‌ನ ಅರಣ್ಯಕಾಂಡದಲ್ಲಿ ಕಾನಾನ್ ನಾಡು ನೋಡಿ ಬಂದು ಜನರ ಧೈರ್ಯ ಕೆಡಿಸಿದ ಹತ್ತು ಗೂಢಚಾರರನ್ನು ದೇವರು 'ಸಭೆ' ಎಂದು ಕರೆಯುತ್ತಾನೆ. ಹತ್ತು ಜನ ಸೇರಿದರೆ ಸಭೆ ಅನ್ನುವ ಕಟ್ಟಳೆ ಅಲ್ಲಿಂದ ಬಂತು. ಕೆಟ್ಟ ಸುದ್ದಿ ತಂದವರಿಂದಲೇ ಈ ಲೆಕ್ಕ ಕಲಿತದ್ದು ನನಗೆ ಇಷ್ಟವಾಗುವ ವಿಷಯ. ಹತ್ತು ಜನ ಸಂತರು ಬೇಕೆಂದಿದ್ದರೆ ಎಂದೂ ಸೇರುತ್ತಿರಲಿಲ್ಲ. ಸಂಪ್ರದಾಯವಾದಿಗಳಲ್ಲಿ 13 ದಾಟಿದ ಗಂಡಸರನ್ನು ಮಾತ್ರ ಎಣಿಸುತ್ತಾರೆ. ರಿಫಾರ್ಮ್ ಎಂಬ ಸುಧಾರಣಾ ಪಂಥದ ಸಭೆಗಳಲ್ಲೂ, ಹೆಸರು ಹೀಗಿದ್ದರೂ ನಡುವಿನ ದಾರಿ ಹಿಡಿದ ಕನ್ಸರ್ವೇಟಿವ್ ಪಂಥದ ಹೆಚ್ಚಿನ ಸಭೆಗಳಲ್ಲೂ ಹೆಂಗಸರನ್ನೂ ಎಣಿಸುತ್ತಾರೆ.

ಎಣಿಸುವುದಕ್ಕೂ ಒಂದು ಉಪಾಯವಿದೆ. ಮನುಷ್ಯರನ್ನು ಒಂದು, ಎರಡು ಎಂದು ತಲೆ ಎಣಿಸಬಾರದೆಂಬ ಹಳೆಯ ನಿಷೇಧವಿರುವುದರಿಂದ, ಸರಿಯಾಗಿ ಹತ್ತು ಪದಗಳಿರುವ 28ನೇ ಕೀರ್ತನೆಯ ಕೊನೆಯ ವಾಕ್ಯವನ್ನು ತಲೆಗೊಂದು ಪದದಂತೆ ಹೇಳುತ್ತಾ ಹೋಗುತ್ತಾರೆ: 'ನಿನ್ನ ಜನರನ್ನು ಕಾಪಾಡು' ಎಂದು ಶುರುವಾಗುವ ವಾಕ್ಯ. ಪದ ಮುಗಿಯುವ ಮೊದಲೇ ತಲೆ ಮುಗಿದರೆ ಮಿನ್ಯಾನ್ ಇಲ್ಲ. ಒಂಬತ್ತು ಜನ ಸೇರಿದಾಗಿನ ಕಷ್ಟವೇ ಬೇರೆ. ಏಳೇ ಜನ ಇದ್ದರೆ ಮನೆಗೆ ಹೋಗಬಹುದು, ಒಂಬತ್ತಾದರೆ ಯಾರೂ ಕದಲುವ ಹಾಗಿಲ್ಲ. ಒಬ್ಬರು ಬಾಗಿಲಲ್ಲಿ, ಒಬ್ಬರು ಫೋನಿನಲ್ಲಿ. ರಬ್ಬಿ (ಧರ್ಮಗುರು) ಎಲಿಯೆಝರ್ ಒಮ್ಮೆ ಸಿನಗಾಗ್‌ಗೆ ಬಂದಾಗ ಹತ್ತು ಜನ ಇರಲಿಲ್ಲ, ತನ್ನ ಗುಲಾಮನನ್ನು ಅಲ್ಲೇ ಬಿಡುಗಡೆ ಮಾಡಿ ಹತ್ತು ತುಂಬಿಸಿಕೊಂಡ ಎಂದು ತಾಲ್ಮುಡ್‌ನಲ್ಲಿದೆ.

ಈ ಹತ್ತು ಜನರ ನಿಜವಾದ ಪರೀಕ್ಷೆ ಸಾವಿನ ಮನೆಯಲ್ಲಿ. ಸತ್ತ ಹೊತ್ತಿನಿಂದ ಮಣ್ಣು ಮಾಡುವವರೆಗೆ ಹತ್ತಿರದವರಿಗೆ ಯಾವ ಧಾರ್ಮಿಕ ಕರ್ತವ್ಯವೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಹೆಣದ ವ್ಯವಸ್ಥೆಯೊಂದೇ ಕೆಲಸ. ಅದನ್ನೂ ಹೆಚ್ಚಿನ ಮಟ್ಟಿಗೆ 'ಹೆವ್ರಾ ಕದೀಶಾ' ಎಂಬ ಸ್ಥಳೀಯ ಕೂಟ ಹೆಗಲಿಗೆ ತೆಗೆದುಕೊಳ್ಳುತ್ತದೆ. ಹೆಸರಿನ ಅರ್ಥ 'ಪವಿತ್ರ ಬಳಗ'. ಗಂಡಸರ ಶವವನ್ನು ಗಂಡಸರು, ಹೆಂಗಸರದ್ದನ್ನು ಹೆಂಗಸರು ತೊಳೆಯುತ್ತಾರೆ. ಮೊದಲು ಮಾಮೂಲಿ ಸ್ನಾನ, ಉಗುರಿನ ಸಂದಿಯವರೆಗೆ. ಆಮೇಲೆ ವಿಧಿಯ ನೀರು: ಒಂಬತ್ತು 'ಕಾವ್', ಇವತ್ತಿನ ಲೆಕ್ಕದಲ್ಲಿ ಸುಮಾರು 20ರಿಂದ 24 ಲೀಟರ್. ಇದು ಧಾರೆ ಕಡಿಯದೆ ಬೀಳಬೇಕು. ಅದಕ್ಕೇ ಎರಡು ಮೂರು ಬಕೆಟ್ ತುಂಬಿಟ್ಟುಕೊಂಡು, ಮೊದಲನೆಯದು ಖಾಲಿಯಾಗುವ ಮುಂಚೆಯೇ ಎರಡನೆಯವರು ಸುರಿಯಲು ಶುರು ಮಾಡುತ್ತಾರೆ. ನಡುವೆ ಧಾರೆ ತುಂಡಾದರೆ ಮತ್ತೆ ಮೊದಲಿನಿಂದ. ಬೆನ್ನಿನ ಕೆಳಗೂ ನೀರು ತಾಗಲೆಂದು ಮೊದಲೇ ಮರದ ಪಟ್ಟಿಗಳನ್ನು ಕೊಟ್ಟಿರುತ್ತಾರೆ. ಹೊಸಬರು ಮಾಡುವ ತಪ್ಪು ಬಕೆಟ್ ಎತ್ತುವ ಹೊತ್ತಿನದು. ಎರಡನೆಯವರು ಮೊದಲನೆಯವರ ಕೈ ನೋಡುತ್ತಾ ನಿಲ್ಲುತ್ತಾರೆ. ನೋಡಬೇಕಾದ್ದು ಧಾರೆಯನ್ನು.

ಹೊದಿಸುವ ಬಟ್ಟೆ ಬಿಳಿಯ ನಾರಿನದು ಅಥವಾ ಹತ್ತಿಯದು, ಜೇಬಿಲ್ಲ, ಗಂಟಿಲ್ಲ, ಪಟ್ಟಿಗಳನ್ನು ತಿರುವಿ ಸಿಕ್ಕಿಸುವುದಷ್ಟೇ. ಸಾಹುಕಾರನಿಗೂ ಅದೇ, ಭಿಕ್ಷುಕನಿಗೂ ಅದೇ. ಇದರ ಹಿಂದೆ ದುಡ್ಡಿನ ಕಥೆಯಿದೆ. ಒಂದು ಕಾಲಕ್ಕೆ ಅಂತ್ಯಕ್ರಿಯೆಯ ಖರ್ಚು ಎಷ್ಟು ಏರಿತ್ತೆಂದರೆ ಸಾವಿಗಿಂತ ಅದೇ ಭಾರವಾಗಿ, ಬಡ ಮನೆಯವರು ಹೆಣ ಬಿಟ್ಟು ಓಡಿಹೋಗುತ್ತಿದ್ದರಂತೆ. ದೊಡ್ಡ ಸ್ಥಾನದಲ್ಲಿದ್ದ ರಬ್ಬಾನ್ ಗಮ್ಲಿಯೇಲ್ ತನ್ನನ್ನು ಸಾದಾ ನಾರುಬಟ್ಟೆಯಲ್ಲಿ ಒಯ್ಯಬೇಕೆಂದು ಹೇಳಿ ಸತ್ತ. ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ತೊಳೆದು ಮುಗಿಸಿದ ಮೇಲೆ ಬಳಗದವರು ಸತ್ತವರ ಹೆಸರು ಹಿಡಿದು ಕ್ಷಮೆ ಕೇಳುತ್ತಾರೆ, ನಮ್ಮ ಕೈಯಿಂದ ಏನಾದರೂ ಅಗೌರವವಾಗಿದ್ದರೆ ಮನ್ನಿಸು ಎಂದು. ಈ ಸೇವೆಗೆ 'ಹೆಸೆದ್ ಶೆಲ್ ಎಮೆತ್' ಎಂದು ಹೆಸರು, ನಿಜದ ಉಪಕಾರ. ಉಪಕಾರ ಪಡೆದವರು ತಿರುಗಿ ಥ್ಯಾಂಕ್ಸ್ ಹೇಳಲಾರರು ಎಂಬುದೇ ಅದನ್ನು ನಿಜ ಮಾಡುತ್ತದೆ.

ಮಣ್ಣು ಮಾಡುವಾಗ ಸನಿಕೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನೆಲಕ್ಕೆ ಊರಿ ಬಿಡುತ್ತಾರೆ, ಮುಂದಿನವರು ಎತ್ತಿಕೊಳ್ಳುತ್ತಾರೆ. ಮೊದಲ ಮಣ್ಣನ್ನು ಸನಿಕೆಯ ಬೆನ್ನಿನಿಂದ ಹಾಕುವ ರೂಢಿಯೂ ಇದೆ, ಈ ಕೆಲಸಕ್ಕೆ ನಮಗೆ ಆತುರವಿಲ್ಲ ಎಂದು ತೋರಿಸಲು. ಗೋರಿಯ ಮೇಲೆ ಹೂವಿನ ಬದಲು ಸಣ್ಣ ಕಲ್ಲು ಇಡುತ್ತಾರೆ. ಮೈಸೂರು ಅರಸರು 20ನೇ ಶತಮಾನದ ಆರಂಭದಲ್ಲಿ ಕೊಟ್ಟ ಜಾಗದಲ್ಲಿ ಬೆಂಗಳೂರಿನಲ್ಲೊಂದು ಪುಟ್ಟ ಯಹೂದಿ ಸ್ಮಶಾನವಿದೆ. ಅಂಥ ಕಡೆ ಗೋರಿಯ ಮೇಲೆ ಬೆಣಚುಕಲ್ಲು ಕಂಡರೆ ಎತ್ತಿ ಎಸೆಯಬೇಡಿ. ಯಾರೋ ಬಂದು ಹೋಗಿದ್ದಾರೆ ಎಂದರ್ಥ.

ಸ್ಮಶಾನದಿಂದ ಬಂದ ಮೇಲಿನ ಏಳು ದಿನಕ್ಕೆ 'ಶಿವಾ' ಎಂದು ಹೆಸರು. ನಮ್ಮ ಶಿವನಿಗೂ ಇದಕ್ಕೂ ನಂಟಿಲ್ಲ, ಹೀಬ್ರೂನಲ್ಲಿ ಏಳು ಎಂದಷ್ಟೇ ಅರ್ಥ. ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಹೋದರೆ ಇದನ್ನು ಆಚರಿಸುತ್ತಾರೆ. ಲೆಕ್ಕ ಮಣ್ಣು ಮಾಡಿದ ದಿನದಿಂದ. ಸೋಮವಾರ ಸಂಜೆ ಸೂರ್ಯ ಮುಳುಗುವ ಮುಂಚೆ ಮಣ್ಣಾದರೆ ಸೋಮವಾರವೇ ಮೊದಲ ದಿನ, ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ನಂತರ ಏಳುತ್ತಾರೆ. ನಡುವಿನ ಶಬ್ಬಾತ್, ಅಂದರೆ ಶನಿವಾರದ ವಿಶ್ರಾಂತಿ ದಿನ, ಲೆಕ್ಕಕ್ಕೆ ಸೇರುತ್ತದೆ, ಅವತ್ತು ಹೊರಗೆ ಶೋಕ ತೋರಿಸುವಂತಿಲ್ಲ. ಪೆಸಾಹ್‌ನಂಥ ದೊಡ್ಡ ಹಬ್ಬ ನಡುವೆ ಬಂದರೆ ಶಿವಾ ಅಲ್ಲಿಗೇ ಮುಗಿಯಿತು. ದೂರದಿಂದ ಬರುವವರು ಕ್ಯಾಲೆಂಡರ್ ನೋಡದೆ ಟಿಕೆಟ್ ಮಾಡಿ, ಬಂದು ನೋಡಿದರೆ ಶಿವಾ ಮುಗಿದೇ ಹೋಗಿರುತ್ತದೆ.

ಮೊದಲ ಊಟ ಮನೆಯವರ ಸ್ವಂತದ್ದಾಗಿರಬಾರದು. ಅಕ್ಕಪಕ್ಕದವರು ತರಬೇಕು. ಸಾವಾದ ಮನೆಯಲ್ಲಿ ಒಲೆ ಹಚ್ಚದೆ ನೆಂಟರ ಮನೆಯಿಂದ ಅನ್ನ ಸಾರು ಬರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಟ್ಟೆಯಲ್ಲಿ ದುಂಡಗಿನ ಪದಾರ್ಥ: ಬೇಯಿಸಿದ ಮೊಟ್ಟೆ, ದುಂಡು ಬ್ರೆಡ್ಡು, ಮಸೂರ್ ಬೇಳೆ. ಮಸೂರಕ್ಕೆ ಕೊಟ್ಟಿರುವ ಕಾರಣ ಚೆನ್ನಾಗಿದೆ: ಬೇರೆ ಕಾಳುಗಳ ಹಾಗೆ ಅದಕ್ಕೆ ಸೀಳುಬಾಯಿ ಇಲ್ಲ, ದುಃಖದಲ್ಲಿರುವವರಿಗೂ ಬಾಯಿ ಇಲ್ಲ.

ಹೋಗುವವರಿಗೆ ಗೊತ್ತಿರಬೇಕಾದ ನಿಯಮಗಳು ಬಹಳವಿಲ್ಲ, ಆದರೆ ತಪ್ಪುವುದು ಸುಲಭ. ಬಾಗಿಲು ತಟ್ಟಬೇಡಿ, ಬೆಲ್ ಒತ್ತಬೇಡಿ. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ, ಸುಮ್ಮನೆ ಒಳಗೆ ಹೋಗಿ. ಮನೆಯವರು ಗಿಡ್ಡ ಕುರ್ಚಿಯಲ್ಲೋ ನೆಲದ ಮೇಲೋ ಕೂತಿರುತ್ತಾರೆ, ಕನ್ನಡಿಗಳಿಗೆ ಬಟ್ಟೆ ಮುಚ್ಚಿರುತ್ತದೆ. ಹತ್ತಿರ ಹೋಗಿ ಕೂರಿ. ಅವರು ಮಾತಾಡುವವರೆಗೆ ನೀವು ಮಾತಾಡಬಾರದು. ಬೈಬಲ್‌ನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಕೂತರಲ್ಲ, ಅಲ್ಲಿಂದ ಬಂದ ಕಟ್ಟಳೆ. (ಅವರು ಮಾತಾಡಲು ಶುರು ಮಾಡಿದ ಮೇಲೆ ಆದ ಅನಾಹುತ ಬೈಬಲ್ ಓದಿದವರಿಗೆ ಗೊತ್ತು.) ಮೌನ ಹತ್ತು ನಿಮಿಷವಾದರೂ ಸಹಿಸಿ. 'ಒಳ್ಳೆಯ ಸಾವು', 'ಬಿಡುಗಡೆಯಾಯಿತು', 'ಇನ್ನೊಂದು ಮಗು ಆಗುತ್ತೆ ಬಿಡಿ', ಇಂಥವು ಬೇಡವೇ ಬೇಡ. ಮನೆಯವರು ಸತ್ತವರ ಬಗ್ಗೆ ಮಾತು ತೆಗೆದರೆ ನಿಮಗೆ ಗೊತ್ತಿರುವ ಒಂದು ಚಿಕ್ಕ ಸಂಗತಿ ಹೇಳಿ. ಹೊರಡುವಾಗ 'ಸಿಯೋನ್, ಜೆರುಸಲೇಮಿಗಾಗಿ ದುಃಖಿಸುವವರ ಜೊತೆ ನಿಮ್ಮನ್ನೂ ದೇವರು ಸಂತೈಸಲಿ' ಎಂಬ ನಿಗದಿತ ಮಾತಿದೆ, ಮಾತು ಸಿಗದವರನ್ನು ಅದು ಪಾರು ಮಾಡುತ್ತದೆ.

ಏನು ಎಡವಟ್ಟಾಗುತ್ತದೆ? ಮೊದಲೆರಡು ದಿನ ಜಾತ್ರೆ, ಐದನೇ ದಿನ ಯಾರೂ ಇಲ್ಲ. ಅನುಭವಸ್ಥರು ಹೋಗುವುದು ಆ ನಾಲ್ಕು, ಐದನೇ ದಿನ. ಎಲ್ಲರೂ ಕೇಕು ತರುತ್ತಾರೆ, ಹಾಲು, ಟಾಯ್ಲೆಟ್ ಪೇಪರ್, ಕಾಗದದ ಲೋಟ ಯಾರೂ ತರುವುದಿಲ್ಲ. ಹಾಗಾಗಿ ಒಬ್ಬರು ಪಟ್ಟಿ ಇಟ್ಟುಕೊಳ್ಳಬೇಕು: ಯಾವ ದಿನ, ಯಾವ ಹೊತ್ತು, ಎಷ್ಟು ಜನಕ್ಕೆ, ಮಾಂಸವೋ ಹಾಲಿನ ಅಡುಗೆಯೋ. ಈ ಕೊನೆಯದು ಬಹಳ ಮುಖ್ಯ, ಯಾಕೆಂದರೆ ಕೋಷರ್ (ಯಹೂದಿ ಆಹಾರ ನಿಯಮದ) ಅಡುಗೆಮನೆಯಲ್ಲಿ ಎರಡಕ್ಕೂ ಪಾತ್ರೆ ಬೇರೆ. ನಿಮ್ಮ ಮನೆಯ ಪಾತ್ರೆಯಲ್ಲಿ ಪ್ರೀತಿಯಿಂದ ಮಾಡಿ ತಂದದ್ದನ್ನು ಅವರು ಬಡಿಸಲಾರದೆ, ಬೇಡ ಎನ್ನಲಾರದೆ ಒದ್ದಾಡುತ್ತಾರೆ. ಗೊತ್ತಿಲ್ಲದಿದ್ದರೆ ಕೋಷರ್ ಮುದ್ರೆಯಿರುವ, ಒಡೆಯದ ಪ್ಯಾಕೆಟ್ ಅಥವಾ ಇಡೀ ಹಣ್ಣು ತನ್ನಿ. 'ಏನಾದರೂ ಬೇಕಿದ್ದರೆ ಹೇಳಿ' ಎಂದು ಹೇಳಿ ಹೊರಡುವುದಂತೂ ಕೆಲಸವನ್ನು ಅವರ ತಲೆಗೇ ಕಟ್ಟಿದ ಹಾಗೆ. 'ಬುಧವಾರ ಮಕ್ಕಳನ್ನು ಸ್ಕೂಲಿನಿಂದ ನಾನು ಕರೆದುಕೊಂಡು ಬರುತ್ತೇನೆ' ಅನ್ನುವುದು ಸಹಾಯ.

ಮನೆಯವರು ಏಳು ದಿನ ಹೊರಗೆ ಹೋಗುವಂತಿಲ್ಲವಾದ್ದರಿಂದ ಹತ್ತು ಜನವೇ ಮನೆಗೆ ಬರಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸಿನಗಾಗ್‌ನಿಂದ ಪ್ರಾರ್ಥನಾ ಪುಸ್ತಕಗಳ ಪೆಟ್ಟಿಗೆ ಬರುತ್ತದೆ, ಕೆಲವು ಕಡೆ ಸುರುಳಿಯೂ. ಇಷ್ಟೆಲ್ಲ ಯಾಕೆಂದರೆ 'ಕದ್ದಿಶ್' ಹೇಳಲು. ಅರಾಮಿಕ್ ಭಾಷೆಯ ಈ ಪ್ರಾರ್ಥನೆಯಲ್ಲಿ ಸಾವಿನ ಒಂದು ಶಬ್ದವೂ ಇಲ್ಲ, ಪೂರ್ತಿ ದೇವರ ಸ್ತುತಿ. ನಡುವೆ ಸೇರಿದವರೆಲ್ಲ 'ಅವನ ಮಹಾನಾಮ ಎಂದೆಂದಿಗೂ ಸ್ತುತವಾಗಲಿ' ಎಂದು ಉತ್ತರಿಸುತ್ತಾರೆ. ಉತ್ತರಿಸುವವರಿಲ್ಲದೆ ಕದ್ದಿಶ್ ಇಲ್ಲ. ತಂದೆ ತಾಯಿಗಾದರೆ ಹನ್ನೊಂದು ತಿಂಗಳು, ದಿನಾ. ಅಪ್ಪನನ್ನು ಕಳೆದುಕೊಂಡವನು ಹನ್ನೊಂದು ತಿಂಗಳು ದಿನಾ ಬೆಳಿಗ್ಗೆ ಒಂಬತ್ತು ಜನರ ಮುಖ ನೋಡಲೇಬೇಕು, ಆ ಒಂಬತ್ತು ಜನ ಅವನಿಗಾಗಿ ಏಳಲೇಬೇಕು.

ಮತ್ತೊಂದು ವಿಷಯ. ದುಃಖದಲ್ಲಿರುವವರು ಬಂದವರನ್ನು ಸ್ವಾಗತಿಸಬೇಕಿಲ್ಲ, ಎಷ್ಟೇ ದೊಡ್ಡವರು ಬಂದರೂ ಎದ್ದು ನಿಲ್ಲಬೇಕಿಲ್ಲ, ಉಪಚಾರ ಮಾಡಬೇಕಿಲ್ಲ. ವಂದನೆಗೆ ಇಷ್ಟು ಲೆಕ್ಕ ಹಾಕಿದ ಜನ ಆ ಏಳು ದಿನ ಮಾತ್ರ ಅದನ್ನು ಮನ್ನಾ ಮಾಡಿದ್ದಾರೆ. ಏಳನೇ ದಿನ ಬೆಳಿಗ್ಗೆ ಬಂದವರು 'ಏಳಿ' ಎಂದು ಎಬ್ಬಿಸುತ್ತಾರೆ, ಜೊತೆಗೆ ಮನೆಯ ಸುತ್ತ ಒಂದು ಸುತ್ತು ನಡೆಯುವ ಪದ್ಧತಿ ಹಲವು ಕಡೆ ಇದೆ.

ದುಡ್ಡಿನ ಸಹಾಯದ ಕಟ್ಟಳೆ ಇದಕ್ಕಿಂತ ಒರಟು. ದುಃಖದ ವಾರದಲ್ಲಿ ಕೆಲಸ ಮಾಡುವಂತಿಲ್ಲ, ಆದರೆ ಅನ್ನಕ್ಕೇ ಇಲ್ಲದವನು ಮೂರು ದಿನದ ನಂತರ ಮನೆಯೊಳಗೆ ಗುಟ್ಟಾಗಿ ದುಡಿಯಬಹುದು. ಅದರ ಬೆನ್ನಿಗೇ ಒಂದು ವಾಕ್ಯವಿದೆ: ಅವನನ್ನು ಆ ಸ್ಥಿತಿಗೆ ತಂದ ನೆರೆಹೊರೆಯವರಿಗೆ ಶಾಪ ತಟ್ಟಲಿ. ಕಾನೂನು ಪುಸ್ತಕದಲ್ಲಿ ಹೀಗೆ ನೇರವಾಗಿ ಅಕ್ಕಪಕ್ಕದವರನ್ನು ಬೈದಿರುವುದು ಕಡಿಮೆ.

ಹಳೆಯ ಊರುಗಳಲ್ಲಿ ಎರಡು ನಿಧಿಗಳಿದ್ದವು. 'ತಮ್ಹೂಯ್' ದಿನದ ಊಟಕ್ಕೆ, 'ಕುಪ್ಪಾ' ವಾರದ ಖರ್ಚಿಗೆ. ಕೈಯಲ್ಲಿ ಎರಡು ಊಟಕ್ಕಾಗುವಷ್ಟು ಇರುವವನು ಮೊದಲನೆಯದರಿಂದ ತೆಗೆದುಕೊಳ್ಳಬಾರದು, ಹದಿನಾಲ್ಕು ಊಟಕ್ಕಾಗುವಷ್ಟು ಇರುವವನು ಎರಡನೆಯದರಿಂದ. ಕುಪ್ಪಾದ ಹಣ ಎತ್ತಲು ಇಬ್ಬರು ಒಟ್ಟಿಗೇ ಹೋಗಬೇಕು, ಹಂಚಲು ಮೂವರು ಕೂರಬೇಕು, ಯಾಕೆಂದರೆ ಯಾರಿಗೆಷ್ಟು ಎಂಬುದು ನ್ಯಾಯತೀರ್ಮಾನ. ಊರಿಗೆ ಬಂದು ಮೂವತ್ತು ದಿನವಾದವನು ಊಟದ ನಿಧಿಗೆ, ಮೂರು ತಿಂಗಳಾದವನು ಕುಪ್ಪಾಕ್ಕೆ ಕೊಡಲೇಬೇಕು. ಪಡೆಯುವ ಬಡವನೂ ಚೂರಾದರೂ ಕೊಡಬೇಕು. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಬರೆದಿದ್ದಾನೆ, ಎಲ್ಲಕ್ಕಿಂತ ಮೇಲಿನದು ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು ಅವನು ಮತ್ತೆ ಕೈಯೊಡ್ಡದ ಹಾಗೆ ಮಾಡುವುದು.

ಇವತ್ತಿನ 'ಗೆಮಾಖ್' ಇದರದ್ದೇ ಕೂಸು, ಬಡ್ಡಿಯಿಲ್ಲದೆ ಸಾಲ ಅಥವಾ ಬಾಡಿಗೆಯಿಲ್ಲದೆ ವಸ್ತು ಕೊಡುವ ಮನೆ ಅಥವಾ ಸಂಸ್ಥೆ. ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ 1892ರದ್ದು. ಜೆರುಸಲೇಮಿನ ಯಾದ್ ಸಾರಾ 1976ರಲ್ಲಿ ಶುರುವಾಗಿ ಊರುಗೋಲು, ಗಾಲಿಕುರ್ಚಿ, ಆಮ್ಲಜನಕ ಯಂತ್ರಗಳನ್ನು ಎರವಲು ಕೊಡುತ್ತದೆ. ಬಹುಪಾಲು ಗೆಮಾಖ್‌ಗಳು ಒಂದು ಕೋಣೆಯವು, ಒಂದೇ ವಸ್ತುವಿನವು: ಮದುವೆಯ ಉಡುಪು, ತೊಟ್ಟಿಲು, ಮಡಚುವ ಕುರ್ಚಿ, ಶಿವಾ ಮನೆಗೆ ಬೇಕಾದ ಗಿಡ್ಡ ಪೀಠ, ರಾತ್ರಿ ಎರಡು ಗಂಟೆಗೆ ಮಗುವಿಗೆ ಜ್ವರ ಬಂದರೆ ಔಷಧಿ. ಹಣ ಕೊಡುವಲ್ಲಿ ಸಾಮಾನ್ಯವಾಗಿ ಜಾಮೀನು ಕೇಳುತ್ತಾರೆ, ಕಂತು ಕಟ್ಟಿಸಿಕೊಳ್ಳುತ್ತಾರೆ. ನಡೆಸುವವರಿಗೆ ತಲೆನೋವು ತರುವುದು ಕೊಡುವ ಕೆಲಸವಲ್ಲ, ವಾಪಸಾತಿ. ಒಂದು ಹಾಳೆಯ ರಿಜಿಸ್ಟರು, ತಾರೀಕು, ಫೋನ್ ನಂಬರು, ವಸ್ತು ಹೋಗುವಾಗಿನ ಸ್ಥಿತಿ, ಇಷ್ಟಿಲ್ಲದಿದ್ದರೆ ಮೂರೇ ತಿಂಗಳಲ್ಲಿ ಅರ್ಧ ಕುರ್ಚಿ ಮಾಯ.

ಕಾಯಿಲೆಯವರನ್ನು ನೋಡಲು ಹೋಗುವುದಕ್ಕೆ ತಾಲ್ಮುಡ್ ಕೊಡುವ ಸಲಹೆ ಇಷ್ಟು: ದಿನದ ಮೊದಲ ಮೂರು ಗಂಟೆ, ಕೊನೆಯ ಮೂರು ಗಂಟೆ ಹೋಗಬೇಡ. ಬೆಳಿಗ್ಗೆ ರೋಗಿ ಹಗುರಾಗಿ ಕಾಣುತ್ತಾನೆ, ನೀನು ಪ್ರಾರ್ಥಿಸುವುದಿಲ್ಲ. ಸಂಜೆ ಭಾರವಾಗಿ ಕಾಣುತ್ತಾನೆ, ನೀನು ಆಸೆ ಬಿಡುತ್ತೀಯ.

ಸೆರೆಯಲ್ಲಿರುವವರನ್ನು ಬಿಡಿಸುವುದು ಇವೆಲ್ಲಕ್ಕಿಂತ ದೊಡ್ಡ ಕರ್ತವ್ಯ. ಮೈಮೊನಿಡೀಸ್ ಪ್ರಕಾರ ಅದಕ್ಕಿಂತ ದೊಡ್ಡದಿಲ್ಲ. ಆದರೂ ತಾಲ್ಮುಡ್‌ನ ಮೂಲ ಪಾಠವಾದ ಮಿಶ್ನಾ ಒಂದು ಕಡಿವಾಣ ಹಾಕುತ್ತದೆ: ತಕ್ಕ ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬೇಡಿ. ಹೆಚ್ಚು ಕೊಟ್ಟರೆ ನಾಳೆ ಇನ್ನಷ್ಟು ಜನರನ್ನು ಹಿಡಿಯುತ್ತಾರೆ. 2011ರಲ್ಲಿ ಗಿಲಾದ್ ಶಾಲಿತ್ ಎಂಬ ಒಬ್ಬ ಸೈನಿಕನಿಗಾಗಿ 1,027 ಕೈದಿಗಳನ್ನು ಬಿಟ್ಟಾಗಲೂ, 2023ರ ಅಕ್ಟೋಬರ್ 7ರಂದು 251 ಜನರನ್ನು ಗಾಜಾಕ್ಕೆ ಒತ್ತೆಯಾಗಿ ಒಯ್ದ ನಂತರವೂ ಇಸ್ರೇಲಿನಲ್ಲಿ ನಡೆದ ಜಗಳದ ಬೇರು ಈ ಎರಡು ವಾಕ್ಯಗಳಲ್ಲಿದೆ. ಎರಡೂ ಒಂದೇ ಪರಂಪರೆಯವು, ಎರಡಕ್ಕೂ ಹಿಂದೆ ರಕ್ತದ ಅನುಭವವಿದೆ. ಜರ್ಮನಿಯ ರೋಥೆನ್‌ಬರ್ಗಿನ ಮೇಯಿರ್ ಎಂಬ ರಬ್ಬಿಯನ್ನು 1286ರಲ್ಲಿ ಸೆರೆ ಹಿಡಿದರು. ಸಮುದಾಯ ಹಣ ಕೂಡಿಸಿದರೂ, ಇದೇ ನಿಯಮ ಹಿಡಿದು ತನ್ನನ್ನು ಬಿಡಿಸಬೇಡಿ ಎಂದನೆಂದು ಪರಂಪರೆ ಹೇಳುತ್ತದೆ. 1293ರಲ್ಲಿ ಸೆರೆಯಲ್ಲೇ ತೀರಿಕೊಂಡ. ಹೆಣವನ್ನೂ ಬಿಡಲಿಲ್ಲ. 1307ರಲ್ಲಿ ಅಲೆಕ್ಸಾಂಡರ್ ವಿಂಪ್ಫೆನ್ ಎಂಬ ವ್ಯಾಪಾರಿ ದುಡ್ಡು ಕೊಟ್ಟು ಹೆಣ ಬಿಡಿಸಿ ವೋರ್ಮ್ಸ್‌ನಲ್ಲಿ ಮಣ್ಣು ಮಾಡಿಸಿದ. ಕೇಳಿದ್ದು ಒಂದೇ, ತಾನು ಸತ್ತಾಗ ಪಕ್ಕದಲ್ಲಿ ಜಾಗ. ಆ ಎರಡು ಗೋರಿಗಳು ಇವತ್ತಿಗೂ ಅಕ್ಕಪಕ್ಕದಲ್ಲಿವೆ.

ಮತ್ತೆ ಕೊಂಕಣಕ್ಕೆ. ಬೆನೆ ಇಸ್ರೇಲ್ ಜನರಿಗೆ ಹಗೋಮೆಲ್ ಜೊತೆಗೆ ತಮ್ಮದೇ ಒಂದು ವಂದನೆಯಿದೆ, ಮಲೀದಾ. ಕಾಯಿಲೆ ವಾಸಿಯಾದರೆ, ಹರಕೆ ತೀರಿದರೆ, ಮಗು ಹುಟ್ಟಿದರೆ, ಮದುವೆಗೆ ಮೊದಲು, ಹೊಸ ಮನೆಗೆ, ದೂರ ಪ್ರಯಾಣದ ಹಿಂದೆ ಮುಂದೆ ಮಾಡುತ್ತಾರೆ. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹಾಡಿರುತ್ತದೆ. ತಟ್ಟೆಯಲ್ಲಿರುವುದು ನಮಗೆ ಚೆನ್ನಾಗಿ ಗೊತ್ತಿರುವ ಸಿಹಿ ಅವಲಕ್ಕಿಯೇ. ಇಪ್ಪತ್ತು ಜನಕ್ಕೆ ಒಂದು ಕೆ.ಜಿ. ಅವಲಕ್ಕಿ, ಎರಡು ತೆಂಗಿನಕಾಯಿಯ ತುರಿ, ಅರ್ಧ ಕೆ.ಜಿ. ಸಕ್ಕರೆ, ಹದಿನೈದು ಏಲಕ್ಕಿಯ ಪುಡಿ, ಚಿಟಿಕೆ ಜಾಯಿಕಾಯಿ, ದ್ರಾಕ್ಷಿ, ಗೋಡಂಬಿ, ಬಾದಾಮಿ ಒಂದೊಂದು ಹಿಡಿ. ಅವಲಕ್ಕಿ ಮಧ್ಯಮ ದಪ್ಪದ್ದಿರಲಿ. ಪೇಪರ್ ಅವಲಕ್ಕಿ ನೀರು ತಾಗಿದ ಕೂಡಲೇ ಅಂಟಿನ ಮುದ್ದೆಯಾಗುತ್ತದೆ, ತೀರಾ ಗಟ್ಟಿಯದು ನಡುವೆ ಹಸಿಯಾಗಿ ಉಳಿಯುತ್ತದೆ. ಜರಡಿಯಲ್ಲಿ ಹಾಕಿ ಮೇಲಿಂದ ನೀರು ಬಿಟ್ಟು, ಬಸಿದು, ಹತ್ತು ನಿಮಿಷ ಮುಚ್ಚಿಡಿ. ಬೆರಳಲ್ಲಿ ಒತ್ತಿದರೆ ಮುರಿಯದೆ ಮಣಿಯಬೇಕು. ಸಕ್ಕರೆ ಕೊನೆಗೆ, ಜನ ಕೂತ ಮೇಲೆ. ಮೊದಲೇ ಹಾಕಿದರೆ ನೀರೊಡೆದು ತಳದಲ್ಲಿ ಪಾಕ ನಿಲ್ಲುತ್ತದೆ.

ಗೋಪುರದ ಹಾಗೆ ಪೇರಿಸಿ, ಸುತ್ತ ಹಣ್ಣು, ಮೇಲೆ ಗುಲಾಬಿ ದಳ. ಹಣ್ಣಿನ ಬಗೆಗೆ ತಕ್ಕಂತೆ ಆಶೀರ್ವಚನ ಬೇರೆ, ಹಾಗಾಗಿ ಬಗೆಬಗೆಯದು ಬೇಕು. ಖರ್ಜೂರ, ಸೇಬಿಗೆ 'ಮರದ ಫಲ' ಎಂದು. ಬಾಳೆಹಣ್ಣಿಗೆ 'ನೆಲದ ಫಲ' ಎಂದು, ಗೊನೆ ಕೊಟ್ಟ ಮೇಲೆ ಗಿಡ ಸಾಯುವುದರಿಂದ ಅದು ಮರವಲ್ಲ. ಬಾಳೆಗೂ ಮರದ ಮಾತು ಹೇಳಿಬಿಡುವುದು ಹೊಸಬರ ಮಾಮೂಲಿ ತಪ್ಪು. ಹೂವಿನ ಪರಿಮಳಕ್ಕೆ ಒಂದು, ಅಕ್ಕಿಯದಾದ್ದರಿಂದ ಅವಲಕ್ಕಿಗೆ ಇನ್ನೊಂದು.

ದಿವೇಕರ್ ತಾನು ಕಟ್ಟಿಸಿದ ಸಿನಗಾಗ್‌ಗೆ ಟೋರಾ ಸುರುಳಿ ತರಲು ಕೊಚ್ಚಿಗೆ ಹೋದ, 1797ರಲ್ಲಿ ಅಲ್ಲೇ ತೀರಿಕೊಂಡ. ಕೊಚ್ಚಿಯ ಯಹೂದಿಗಳ ನೆರವಿನಿಂದ ಮುಂದೆ ಬೆನೆ ಇಸ್ರೇಲ್ ಮಂದಿ ಪ್ರಾರ್ಥನೆಯ ಕ್ರಮ ಕಲಿತರು.

ಜೆರುಸಲೇಮಿನ ದೇವಾಲಯ ಇದ್ದ ಕಾಲದಲ್ಲಿ ಅಪಾಯದಿಂದ ಪಾರಾದವನು 'ತೋದಾ' ಎಂಬ ಬಲಿ ಕೊಡುತ್ತಿದ್ದ. ಅದರ ಜೊತೆ ನಲವತ್ತು ರೊಟ್ಟಿ, ನಾಲ್ಕು ಬಗೆ, ಬಗೆಗೆ ಹತ್ತು. ನಾಲ್ಕು ರೊಟ್ಟಿ ಪುರೋಹಿತನಿಗೆ ಹೋದರೆ ಮೂವತ್ತಾರು ಉಳಿಯಿತು. ಬೇರೆ ಸಮಾಧಾನ ಬಲಿಗಳನ್ನು ಎರಡು ದಿನ ಇಟ್ಟು ತಿನ್ನಬಹುದು, ಇದನ್ನು ಮಾತ್ರ ಅವತ್ತೇ ರಾತ್ರಿಯೊಳಗೆ ಮುಗಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ, ನೆರೆಹೊರೆ ಕರೆಯಲೇಬೇಕು, ಕರೆದ ಮೇಲೆ ಏನಾಯಿತೆಂದು ಹೇಳಲೇಬೇಕು ಎಂದು ವ್ಯಾಖ್ಯಾನಕಾರರು ಕಾರಣ ಕೊಟ್ಟಿದ್ದಾರೆ. ಮಲೀದಾದ ವಿಷಯದಲ್ಲಿ ಅಂಥ ಕಟ್ಟಳೆ ಬೇಕಾಗಿಲ್ಲ. ತೆಂಗಿನತುರಿ ಸೇರಿದ ಅವಲಕ್ಕಿ ನಮ್ಮ ಕರಾವಳಿಯ ಸೆಕೆಗೆ ಸಂಜೆಯ ಹೊತ್ತಿಗೆ ಹುಳಿ ವಾಸನೆ ಹಿಡಿಯುತ್ತದೆ. ಮಧ್ಯಾಹ್ನವೇ ಡಬ್ಬಿಗೆ ತುಂಬಿ ಮೇಲಿನ ಮನೆಗೆ, ಕೆಳಗಿನ ಮನೆಗೆ, ವಾಚ್‌ಮನ್‌ಗೆ ಕೊಟ್ಟು ಬನ್ನಿ.